ಮೂರು ಬಾಗಿಲು, ಮೂರು ಮಾತು: ಎರಿನ್ ಓಟೂಲ್ ಪದಚ್ಯುತಿ ಪ್ರಕರಣ

2022ರ ಫೆಬ್ರುವರಿ 2, ಬುಧವಾರ. ಕೆನಡಾದ ಕನ್ಸರ್ವೇಟಿವ್ ಪಕ್ಷದ ಸಂಸದರು ಗುಪ್ತ ಮತದಾನ ಮಾಡಿ ತಮ್ಮ ನಾಯಕ ಎರಿನ್ ಓಟೂಲ್ ಅವರನ್ನು ಇಳಿಸಿದರು. ಇಳಿಯಲಿ ಎಂದವರು 73, ಇರಲಿ ಎಂದವರು 45. ನಾಯಕತ್ವದ ಪರಿಶೀಲನೆ ಆಗಲಿ ಎಂದು ಕೇಳಿದ ಪತ್ರದ ಸುದ್ದಿ ಹೊರಬಿದ್ದದ್ದು ಸೋಮವಾರ ರಾತ್ರಿ. ಎರಡು ದಿನ ತುಂಬುವಷ್ಟರಲ್ಲಿ ವಿರೋಧ ಪಕ್ಷದ ನಾಯಕನ ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ನಾಲ್ಕೂವರೆ ತಿಂಗಳ ಹಿಂದಿನ ಮಹಾ ಚುನಾವಣೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ಮತ ಪಡೆದ ಪಕ್ಷ ಅವರದೇ.

ಆ ಸದನವನ್ನು ನಮ್ಮಲ್ಲಿ ಅನೇಕರು ನೋಡಿದ್ದು ಅದೇ ವರ್ಷದ ಮೇ ತಿಂಗಳಲ್ಲಿ, ಶಿರಾ ತಾಲ್ಲೂಕು ಮೂಲದ, ಆಗ ಆಳುತ್ತಿದ್ದ ಲಿಬರಲ್ ಪಕ್ಷದ ಸಂಸದ ಚಂದ್ರ ಆರ್ಯ ಅಲ್ಲಿ ಕನ್ನಡದಲ್ಲಿ ಮಾತನಾಡಿದ ವಿಡಿಯೊ ಹರಿದಾಡಿದಾಗ. ಆ ಹೊತ್ತಿಗೆ ಎದುರು ಸಾಲಿನ ನಾಯಕ ಬದಲಾಗಿ ಮೂರು ತಿಂಗಳಾಗಿತ್ತು. ಆ ಬದಲಾವಣೆ ಹೇಗಾಯಿತು, ಯಾವ ಕಾಗದ ಯಾವ ಕಾಗದಕ್ಕೆ ಅಡ್ಡ ಬಂತು ಎಂಬುದೇ ಈ ಪ್ರಕರಣ.

ವಾಯುಪಡೆಯಿಂದ ವಕೀಲಿಕೆಗೆ

ಓಟೂಲ್ ಹುಟ್ಟಿದ್ದು 1973ರಲ್ಲಿ ಮಾಂಟ್ರಿಯಲ್‌ನಲ್ಲಿ, ಬೆಳೆದದ್ದು ಒಂಟಾರಿಯೊದ ಬೋಮನ್‌ವಿಲ್‌ನಲ್ಲಿ. ತಂದೆ ಜಾನ್ ಓಟೂಲ್ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡಿದವರು, ಆಮೇಲೆ ಅದೇ ಡರಮ್ ಪ್ರದೇಶದಿಂದ ಪ್ರಾಂತೀಯ ಶಾಸಕರಾದವರು. ಮಗ ಸೇರಿದ್ದು ರಾಯಲ್ ಮಿಲಿಟರಿ ಕಾಲೇಜನ್ನು. ನಂತರ ವಾಯುಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳಲ್ಲಿ ನ್ಯಾವಿಗೇಟರ್. ಅಲ್ಲಿಂದ ಹೊರಬಂದು ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 2003ರಲ್ಲಿ ಪದವಿ ಪಡೆದರು. ಟೊರಾಂಟೊದಲ್ಲಿ ಸ್ಟೈಕ್‌ಮನ್ ಎಲಿಯಟ್ ಕಾನೂನು ಸಂಸ್ಥೆ, ನಂತರ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಒಳಗಿನ ಕಾನೂನು ಸಲಹೆಗಾರ, ಕೊನೆಗೆ ಇನ್ನೊಂದು ಕಾನೂನು ಸಂಸ್ಥೆ ಹೀನನ್ ಬ್ಲೇಕಿ. ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸುವ ವಕೀಲಿಕೆ ಇದಲ್ಲ, ಒಪ್ಪಂದದ ಕರಡಿನಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ನೋಡುವ ವಕೀಲಿಕೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

2012ರಲ್ಲಿ ಡರಮ್ ಕ್ಷೇತ್ರದ ಸಂಸದೆ, ಸಚಿವೆ ಬೆವ್ ಓಡಾ ರಾಜೀನಾಮೆ ಕೊಟ್ಟರು. ಲಂಡನ್ ಪ್ರವಾಸದಲ್ಲಿ 16 ಡಾಲರಿನ ಕಿತ್ತಳೆ ರಸ ಕುಡಿದು ಬಿಲ್ಲನ್ನು ಸರ್ಕಾರಕ್ಕೆ ಕಳಿಸಿದ್ದಾರೆ ಎಂಬ ಗದ್ದಲ ಇನ್ನೂ ಆರಿರಲಿಲ್ಲ. ನವೆಂಬರ್ 26ರ ಉಪಚುನಾವಣೆಯಲ್ಲಿ ಓಟೂಲ್ ಗೆದ್ದರು. 2015ರ ಜನವರಿಯಲ್ಲಿ ಸ್ಟೀಫನ್ ಹಾರ್ಪರ್ ಸರ್ಕಾರ ಅವರಿಗೆ ನಿವೃತ್ತ ಯೋಧರ ಖಾತೆ ಕೊಟ್ಟಿತು. ಗಾಯಾಳು ಯೋಧರಿಗೆ ಜೀವನಪರ್ಯಂತ ಪಿಂಚಣಿಯ ಬದಲು ಒಂದೇ ಕಂತಿನ ಹಣ ಕೊಡುವ ಪದ್ಧತಿಯ ವಿರುದ್ಧ ಆಗ ಸಾಮೂಹಿಕ ದಾವೆ ನಡೆಯುತ್ತಿತ್ತು. ಇತ್ತಂಡಗಳೂ ದಾವೆಯನ್ನು ಸದ್ಯಕ್ಕೆ ತಡೆದಿಟ್ಟು ಮಾತಿಗೆ ಕೂರುವ ಒಪ್ಪಂದ ಅವರ ಅವಧಿಯಲ್ಲೇ ಆಯಿತು. ಕಟಕಟೆಯ ಹೊರಗೆ ರಾಜಿ ಕುದುರಿಸುವುದು ಅವರಿಗೆ ಬರುತ್ತಿತ್ತು. ಆ ವರ್ಷದ ಕೊನೆಗೆ ಪಕ್ಷ ಅಧಿಕಾರ ಕಳೆದುಕೊಂಡಿತು.

2017ರ ನಾಯಕತ್ವದ ಸ್ಪರ್ಧೆಯಲ್ಲಿ ಅವರು ಮೂರನೆಯವರು. ಆ ಎಣಿಕೆ 13 ಸುತ್ತು ಹೋಯಿತು. 12 ಸುತ್ತುಗಳಲ್ಲೂ ಮುಂದಿದ್ದ ಮ್ಯಾಕ್ಸೀಮ್ ಬೆರ್ನಿಯೆ, ಕೊನೆಯ ಸುತ್ತಿನಲ್ಲಿ ಆಂಡ್ರ್ಯೂ ಶೀರ್ ಎದುರು ಶೇ 49.05ಕ್ಕೆ ನಿಂತರು. ಮೊದಲ ಪ್ರಾಶಸ್ತ್ಯದ ಮತ ಎಷ್ಟೇ ಇರಲಿ, ಬೇರೆಯವರ ಬೆಂಬಲಿಗರ ಎರಡನೇ, ಮೂರನೇ ಪ್ರಾಶಸ್ತ್ಯ ಇಲ್ಲದಿದ್ದರೆ ಗೆಲುವಿಲ್ಲ. ಈ ಪಾಠ ಅಲ್ಲಿದ್ದವರೆಲ್ಲರ ಕಣ್ಣೆದುರೇ ನಡೆಯಿತು.

ಮೊದಲ ಬಾಗಿಲು: ಪಕ್ಷದ ಸದಸ್ಯರು

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯ ಮತ ಹೊಸದಲ್ಲ: ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುವುದು, ಕೊನೆಯವರು ಹೊರಬಿದ್ದಾಗ ಅವರ ಮತಗಳು ಮುಂದಿನ ಪ್ರಾಶಸ್ತ್ಯಕ್ಕೆ ಹೋಗುವುದು. ಕನ್ಸರ್ವೇಟಿವ್ ಪಕ್ಷ ಇದರ ಮೇಲೆ ಇನ್ನೊಂದು ಲೆಕ್ಕ ಕೂರಿಸಿತ್ತು. ದೇಶದ ಪ್ರತಿ ಕ್ಷೇತ್ರಕ್ಕೂ ತಲಾ 100 ಅಂಕ. ಆಗಿನ 338 ಕ್ಷೇತ್ರಕ್ಕೆ 33,800 ಅಂಕ, ಗೆಲ್ಲಲು ಅದರ ಅರ್ಧಕ್ಕಿಂತ ಹೆಚ್ಚು. ಒಂದು ಕ್ಷೇತ್ರದಲ್ಲಿ 2,000 ಸದಸ್ಯರು ಮತ ಹಾಕಿದರೆ ಒಂದು ಮತದ ತೂಕ 0.05 ಅಂಕ. ಇನ್ನೊಂದರಲ್ಲಿ 50 ಜನ ಹಾಕಿದರೆ ಒಂದು ಮತಕ್ಕೆ 2 ಅಂಕ, ಅಂದರೆ 40 ಪಟ್ಟು. ಪಕ್ಷಕ್ಕೆ ಜನಬಲವಿರುವ ಅಲ್ಬರ್ಟಾದ ಸದಸ್ಯನಿಗಿಂತ ಸದಸ್ಯರೇ ವಿರಳವಾದ ಕ್ವಿಬೆಕ್‌ನ ಸದಸ್ಯನ ಮಾತು ಜೋರು. 2003ರಲ್ಲಿ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಮತ್ತು ಕೆನಡಿಯನ್ ಅಲಯನ್ಸ್ ಪಕ್ಷಗಳು ವಿಲೀನವಾದಾಗ ಕ್ಷೇತ್ರಗಳ ಈ ಸಮಾನತೆ ಬೇಕೇ ಬೇಕೆಂದು ಹಟ ಹಿಡಿದವರು ಪೀಟರ್ ಮೆಕೇ. ಅವರೂ ವಕೀಲರು, ನೋವಾ ಸ್ಕೋಷಿಯಾದಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದವರು.

2020ರ ಸ್ಪರ್ಧೆಗೆ ಇಳಿಯಲು 3 ಲಕ್ಷ ಡಾಲರ್ ಬೇಕಿತ್ತು: 2 ಲಕ್ಷ ಶುಲ್ಕ, 1 ಲಕ್ಷ ಠೇವಣಿ. ಜತೆಗೆ 3,000 ಸದಸ್ಯರ ಸಹಿ. ಕಣದಲ್ಲಿ ಉಳಿದವರು ನಾಲ್ವರು: ಮೆಕೇ, ಓಟೂಲ್, ಲೆಸ್ಲಿನ್ ಲೂಯಿಸ್, ಡೆರೆಕ್ ಸ್ಲೋನ್. ನಾಲ್ವರೂ ವಕೀಲರೇ! ಮೆಕೇ ಮಧ್ಯಮ ಮಾರ್ಗದವರೆಂದು ಹೆಸರಾಗಿದ್ದರು. ಲೂಯಿಸ್ ಮತ್ತು ಸ್ಲೋನ್ ಗರ್ಭಪಾತವನ್ನು ವಿರೋಧಿಸುವ ಸಂಪ್ರದಾಯವಾದಿಗಳ ಅಭ್ಯರ್ಥಿಗಳು. ಓಟೂಲ್ ಸ್ವತಃ ಗರ್ಭಪಾತದ ಹಕ್ಕಿನ ಪರ; ಆದರೂ ‘ಅಪ್ಪಟ ನೀಲಿ’ (ನೀಲಿ ಅವರ ಪಕ್ಷದ ಬಣ್ಣ) ಎಂಬ ಹಣೆಪಟ್ಟಿ ಹಚ್ಚಿಕೊಂಡು, ಮನಸ್ಸಾಕ್ಷಿಗೆ ಒಪ್ಪದ ಚಿಕಿತ್ಸೆಯನ್ನು ನಿರಾಕರಿಸುವ ವೈದ್ಯರ ಹಕ್ಕನ್ನು ಕಾಯುತ್ತೇನೆ ಎಂದು ಮಾತು ಕೊಟ್ಟು, ಆ ಇಬ್ಬರ ಬೆಂಬಲಿಗರ ಮುಂದಿನ ಪ್ರಾಶಸ್ತ್ಯಕ್ಕೆ ಬಲೆ ಬೀಸಿದರು. ಬಂದೂಕು ಮಾಲೀಕರಿಗೂ ಭರವಸೆ ಕೊಟ್ಟರು. ಕೆನಡಾದ ತೆರಿಗೆದಾರರ ಒಕ್ಕೂಟ ಮುಂದಿಟ್ಟ ಮುಚ್ಚಳಿಕೆಗೆ ಸಹಿಯನ್ನೂ ಹಾಕಿದರು: ಪ್ರಧಾನಿಯಾದರೆ ಲಿಬರಲ್ ಪಕ್ಷದ ಟ್ರೂಡೊ ಸರ್ಕಾರ ಇಂಧನ ಸುಡುವುದರ ಮೇಲೆ ಹಾಕಿದ್ದ ಇಂಗಾಲ ತೆರಿಗೆಯನ್ನು ಕಿತ್ತುಹಾಕುವುದು, ಮುಂದೆಂದೂ ರಾಷ್ಟ್ರಮಟ್ಟದ ಇಂಗಾಲ ತೆರಿಗೆಯನ್ನು ಒಪ್ಪದಿರುವುದು. ಈ ಸಹಿ ನೆನಪಿರಲಿ.

ಕೋವಿಡ್ ಕಾರಣ ಮತಪತ್ರಗಳು ಅಂಚೆಯಲ್ಲಿ ಬಂದವು. ಪ್ರತಿ ಲಕೋಟೆಯಲ್ಲಿ ಸಹಿ ಮಾಡಿದ ಘೋಷಣಾ ಪತ್ರ, ಗುರುತಿನ ಚೀಟಿಯ ನಕಲು, ಮತಪತ್ರ. ಆಗಸ್ಟ್ 23ರ ಸಂಜೆ ಫಲಿತಾಂಶ ಬರಬೇಕಿತ್ತು. ಲಕೋಟೆಯ ಅಂಚು ಕತ್ತರಿಸುವ ಯಂತ್ರ ಸಾವಿರಾರು ಮತಪತ್ರಗಳನ್ನೂ ಸೇರಿಸಿ ಕತ್ತರಿಸಿಬಿಟ್ಟಿತು. ಹರಿದ ಪತ್ರವನ್ನು ಎಣಿಕೆ ಯಂತ್ರ ಓದುವುದಿಲ್ಲ. ಹಾಗಾಗಿ ಒಂದೊಂದನ್ನೂ ಅಭ್ಯರ್ಥಿಗಳ ಏಜೆಂಟರ ಕಣ್ಣೆದುರು ಹೊಸ ಮತಪತ್ರಕ್ಕೆ ಕೈಯಿಂದ ನಕಲು ಮಾಡಬೇಕಾಯಿತು. ಗೆದ್ದವರ ಹೆಸರು ತಿಳಿದಾಗ ಮಧ್ಯರಾತ್ರಿ ಕಳೆದು ಗಂಟೆಯ ಮೇಲಾಗಿತ್ತು.

ಎಣಿಕೆ ಹೀಗಿದೆ. ಮೊದಲ ಸುತ್ತಿನಲ್ಲಿ ಅಂಕಗಳ ಪ್ರಕಾರ ಮೆಕೇ ಶೇ 33.5, ಓಟೂಲ್ 31.6, ಲೂಯಿಸ್ 20.5, ಸ್ಲೋನ್ 14.4. ಸ್ಲೋನ್ ಹೊರಬಿದ್ದರು. ಎರಡನೇ ಸುತ್ತಿನಲ್ಲಿ ಓಟೂಲ್ 35.2, ಮೆಕೇ 34.8, ಲೂಯಿಸ್ 30. ಲೂಯಿಸ್ ಹೊರಬಿದ್ದರು. ಕೊನೆಯಲ್ಲಿ ಓಟೂಲ್ 57, ಮೆಕೇ 43. ಅಂದರೆ ಲೂಯಿಸ್ ಅವರ 30ರಲ್ಲಿ 22ರಷ್ಟು ಓಟೂಲ್ ಕಡೆ ಸುರಿಯಿತು. ಎರಡನೇ ಸುತ್ತಿನ ಬರೀ ಮತಗಳನ್ನು ಎಣಿಸಿದರೆ ಚಿತ್ರವೇ ಬೇರೆ: ಲೂಯಿಸ್ ಸುಮಾರು 60 ಸಾವಿರ, ಓಟೂಲ್ 57 ಸಾವಿರ, ಮೆಕೇ 54 ಸಾವಿರ. ಅಂಕದ ನಿಯಮ ಇಲ್ಲದಿದ್ದರೆ ಅಲ್ಲೇ ಹೊರಬೀಳಬೇಕಾದವರು ಮೆಕೇ. ತಾವೇ ಹಟ ಹಿಡಿದು ತಂದ ನಿಯಮ ಅವರನ್ನು ಒಂದು ಸುತ್ತು ಮುಂದಕ್ಕೆ ದಾಟಿಸಿ ಸೋಲಿಸಿತು.

ಓಟೂಲ್ ಗೆಲುವಿನ ಆ 57ರಲ್ಲಿ ಅವರದೇ ಮೊದಲ ಪ್ರಾಶಸ್ತ್ಯ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಸಂಪ್ರದಾಯವಾದಿಗಳಿಂದ ಬಂದ ಕೈಗಡ.

ಎರಡನೇ ಬಾಗಿಲು: ದೇಶದ ಮತದಾರ

ಆ ಸಾಲ ತೀರಿಸುವ ದಾರಿಯಲ್ಲಿ ಅವರು ನಡೆಯಲಿಲ್ಲ. ಪಕ್ಷ ಅಧಿಕಾರಕ್ಕೆ ಬರಬೇಕಾದರೆ ಟೊರಾಂಟೊ ಸುತ್ತಲಿನ ಉಪನಗರಗಳಲ್ಲಿ, ಪೂರ್ವ ಕರಾವಳಿಯಲ್ಲಿ ಸೀಟು ಗೆಲ್ಲಬೇಕು. ಅಲ್ಲಿನ ಮತದಾರ ಇಂಗಾಲ ತೆರಿಗೆಗೆ ಹೆದರುವವನಲ್ಲ, ಗರ್ಭಪಾತದ ಚರ್ಚೆಗೆ ಹೆದರುವವನು. ಈ ಲೆಕ್ಕ ತಪ್ಪಲ್ಲ. 2021ರ ಜನವರಿಯಲ್ಲಿ ಸ್ಲೋನ್ ಅವರನ್ನು ಸಂಸದರ ಗುಂಪಿನಿಂದ ಮತ ಹಾಕಿ ಹೊರಹಾಕಲಾಯಿತು. ಬಿಳಿಯ ಜನಾಂಗವಾದಿಯೊಬ್ಬನಿಂದ 131 ಡಾಲರ್ ದೇಣಿಗೆ ಬಂದದ್ದು ತಕ್ಷಣದ ಕಾರಣ.

ಮಾರ್ಚ್ ತಿಂಗಳ ಪಕ್ಷದ ಅಧಿವೇಶನದಲ್ಲಿ ಹವಾಮಾನ ಬದಲಾವಣೆಯ ಚರ್ಚೆ ಮುಗಿದ ಅಧ್ಯಾಯ ಎಂದು ಓಟೂಲ್ ಭಾಷಣ ಮಾಡಿದರು. ಮರುದಿನವೇ, ‘ಹವಾಮಾನ ಬದಲಾವಣೆ ನಿಜ’ ಎಂಬ ಮಾತನ್ನೊಳಗೊಂಡ ನಿರ್ಣಯವನ್ನು ಪ್ರತಿನಿಧಿಗಳು 54–46ರ ಪ್ರಮಾಣದಲ್ಲಿ ಬೀಳಿಸಿದರು. ಐದು ದಿನ ಕಳೆದು ಮಾರ್ಚ್ 25ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ ಕೇಂದ್ರದ ಇಂಗಾಲ ದರ ಸಂವಿಧಾನಬದ್ಧ ಎಂದಿತು. ಏಪ್ರಿಲ್ 15ರಂದು ಓಟೂಲ್ ತಮ್ಮದೇ ಯೋಜನೆ ಬಿಡುಗಡೆ ಮಾಡಿದರು.

ಅದರ ಒಳಗಡೆ ನೋಡಬೇಕು. ಟನ್ ಇಂಗಾಲಕ್ಕೆ 20 ಡಾಲರಿನಿಂದ ಶುರು, ಏರಿದರೂ 50ಕ್ಕೆ ಮಿತಿ. ಆಗ ಜಾರಿಯಲ್ಲಿದ್ದ ಲಿಬರಲ್ ದರ 40. 2030ಕ್ಕೆ 170 ಆಗಲಿತ್ತು. 20 ಡಾಲರ್ ಅಂದರೆ ಪಂಪಿನಲ್ಲಿ ಲೀಟರ್ ಪೆಟ್ರೋಲಿಗೆ ಸುಮಾರು 4.4 ಸೆಂಟ್. ಈ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗದೆ ಗ್ರಾಹಕನ ಹೆಸರಿನ ಉಳಿತಾಯ ಖಾತೆಗೆ ಬೀಳುತ್ತದೆ. ಆ ಖಾತೆಯಿಂದ ಸೈಕಲ್, ಬಸ್ ಪಾಸ್, ಕಡಿಮೆ ಇಂಧನ ಸುಡುವ ಫರ್ನೇಸ್‌ನಂಥ ಹಸಿರು ಖರೀದಿ ಮಾಡಬಹುದು. ಹಣ ಸರ್ಕಾರಕ್ಕೆ ಬರದ ಮೇಲೆ ಅದು ತೆರಿಗೆಯೇ ಅಲ್ಲ, ಹಾಗಾಗಿ ಕೊಟ್ಟ ಮಾತು ಮುರಿದಿಲ್ಲ. ಇದು ಅವರ ವಾದ.

ವ್ಯಾಖ್ಯಾನದ ದೃಷ್ಟಿಯಿಂದ ವಾದ ಗಟ್ಟಿ. ಒಪ್ಪಂದದ ಪ್ರಕರಣದಲ್ಲಾದರೆ ನ್ಯಾಯಾಧೀಶರು ತಲೆದೂಗಬಹುದಿತ್ತು. ಆದರೆ ಪಂಪಿನ ಎದುರು ನಿಂತವನಿಗೆ ಪ್ರತಿ ಲೀಟರಿಗೂ ಹೆಚ್ಚು ಕೊಡುವುದು ತೆರಿಗೆಯೇ. ಹೆಚ್ಚು ಡೀಸೆಲ್ ಸುಟ್ಟವನ ಖಾತೆ ಹೆಚ್ಚು ತುಂಬುತ್ತದೆ ಎಂಬ ವಿಚಿತ್ರ ಬೇರೆ. ಅದಕ್ಕಿಂತ ದೊಡ್ಡ ಪೆಟ್ಟು, ತಮ್ಮನ್ನು ಮೊದಲೇ ಕೇಳಲಿಲ್ಲ ಎಂಬ ಸಂಸದರ ಗೊಣಗಾಟ. ಸ್ವಂತ ಕ್ಷೇತ್ರದಲ್ಲಿ ‘ಇಂಗಾಲ ತೆರಿಗೆ ಬೇಡ’ ಎಂದು ಎರಡು ಚುನಾವಣೆ ಗೆದ್ದವರು ಈಗ ಏನು ಹೇಳಬೇಕು?

ಆಗಸ್ಟ್ 15ರಂದು ಚುನಾವಣೆ ಘೋಷಣೆಯಾಯಿತು. ಮರುದಿನವೇ ಕನ್ಸರ್ವೇಟಿವ್ ಪ್ರಣಾಳಿಕೆ ಸಿದ್ಧ, ಮುಖಪುಟದಲ್ಲಿ ಟೀ ಶರ್ಟ್ ತೊಟ್ಟ ಓಟೂಲ್. ಮೊದಲ ಎರಡು ವಾರ ಲಿಬರಲ್ಲರು ತಡವರಿಸಿದ್ದು ನಿಜ. ಆಮೇಲೆ ಬಂದೂಕಿನ ವಿಷಯ ಬಂತು.

2020ರ ಮೇ 1ರಂದು ಸರ್ಕಾರ ಆದೇಶ ಹೊರಡಿಸಿ ಸುಮಾರು 1,500 ಮಾದರಿಯ ಬಂದೂಕುಗಳನ್ನು ನಿಷೇಧಿಸಿತ್ತು. ಆ ಆದೇಶವನ್ನು ರದ್ದು ಮಾಡುವುದಾಗಿ ಪ್ರಣಾಳಿಕೆಯಲ್ಲಿ ಅಚ್ಚಾಗಿತ್ತು. ಸೆಪ್ಟೆಂಬರ್ 2ರ ಫ್ರೆಂಚ್ ಟಿವಿ ಚರ್ಚೆಯಲ್ಲಿ ದಾಳಿ ಶಸ್ತ್ರಗಳ ನಿಷೇಧ ಮುಂದುವರಿಯುತ್ತದೆ ಎಂದರು ಓಟೂಲ್. ಹಾಗಾದರೆ ಪುಸ್ತಕದಲ್ಲಿ ಬರೆದದ್ದೇನು? ಮೂರು ದಿನ ಇದೇ ಪ್ರಶ್ನೆ. 5ರಂದು ಅವರು ಹಿಂದೆ ಸರಿದರು: ಈಗಿರುವ ನಿಷೇಧ ಹಾಗೆಯೇ ಇರುತ್ತದೆ, ವರ್ಗೀಕರಣದ ಪರಿಶೀಲನೆ ನಡೆಯುತ್ತದೆ. ಬದಲಾವಣೆಯನ್ನು ಪ್ರಣಾಳಿಕೆಗೆ ಸೇರಿಸಿದ ಬಗೆ ನೋಡಿ. ರದ್ದು ಮಾಡುತ್ತೇವೆ ಎಂಬ ಸಾಲನ್ನು ತೆಗೆಯಲಿಲ್ಲ, ಕೆಳಗೊಂದು ಅಡಿಟಿಪ್ಪಣಿ ಹಾಕಿದರು.

ವಕೀಲನ ಕೈ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಅವರ ಇಡೀ ವೃತ್ತಿಯಲ್ಲಿ ಇನ್ನೊಂದಿಲ್ಲ. ಕರಾರುಪತ್ರದಲ್ಲಿ ಮೇಲಿನ ಷರತ್ತನ್ನು ಕೆಳಗಿನ ಟಿಪ್ಪಣಿ ಕಟ್ಟಿಹಾಕುವುದು ದಿನನಿತ್ಯದ ಕೆಲಸ. ಪ್ರಣಾಳಿಕೆಯಲ್ಲಿ ಮಾತ್ರ ಎರಡೂ ಕಡೆಯವರಿಗೆ ತಮಗೆ ಬೇಡದ ಸಾಲೇ ಕಣ್ಣಿಗೆ ಬೀಳುತ್ತದೆ. ಬಂದೂಕು ಮಾಲೀಕ ಟಿಪ್ಪಣಿ ಓದಿ ಕೈಕೊಟ್ಟರು ಎಂದ. ಉಪನಗರದ ಮತದಾರ ಮೇಲಿನ ಸಾಲು ಓದಿ ಇವರನ್ನು ನಂಬುವುದು ಹೇಗೆ ಎಂದ.

ಸೆಪ್ಟೆಂಬರ್ 20ರ ಫಲಿತಾಂಶದಲ್ಲಿ ಕನ್ಸರ್ವೇಟಿವ್ ಶೇ 33.7, ಲಿಬರಲ್ 32.6. ಸೀಟುಗಳು 119, 160. ಎರಡು ವರ್ಷದ ಹಿಂದೆ ಶೀರ್ ಗೆದ್ದದ್ದು 121. ಬರೀ ಎರಡು ಸೀಟಿನ ಇಳಿಕೆ ಎಂದು ಮುಂದೆ ಹೋಗುವ ಮೊದಲು ಆ ಎರಡರ ಒಳಗನ್ನು ಬಿಚ್ಚಬೇಕು. ಪೂರ್ವದ ಅಟ್ಲಾಂಟಿಕ್ ಪ್ರಾಂತ್ಯಗಳಲ್ಲಿ 4 ಇದ್ದದ್ದು 8 ಆಯಿತು, ಒಂಟಾರಿಯೊದಲ್ಲಿ 36 ಇದ್ದದ್ದು 37. ಕ್ವಿಬೆಕ್ 10, ಸಸ್ಕಾಚೆವಾನ್ 14, ಮ್ಯಾನಿಟೋಬ 7, ಇವು ಅಲ್ಲಾಡಲಿಲ್ಲ. ಅಲ್ಬರ್ಟಾದಲ್ಲಿ 33ರಿಂದ 30ಕ್ಕೆ, ಬ್ರಿಟಿಷ್ ಕೊಲಂಬಿಯಾದಲ್ಲಿ 17ರಿಂದ 13ಕ್ಕೆ ಇಳಿಯಿತು. ಪೂರ್ವದಲ್ಲಿ ಐದು ಗಳಿಸಿ ಪಶ್ಚಿಮದಲ್ಲಿ ಏಳು ಕಳೆದುಕೊಂಡರು. ಬೆರ್ನಿಯೆ ಪಕ್ಷ ಬಿಟ್ಟು ಬಲಪಂಥದಲ್ಲಿ ಕಟ್ಟಿದ ಪೀಪಲ್ಸ್ ಪಾರ್ಟಿ ಸೀಟು ಗೆಲ್ಲದೆ ಶೇ 4.9 ಮತ ಒಯ್ದಿತು. ನಡುಪಥದ ಪ್ರಯೋಗಕ್ಕೆ ಪೂರ್ವದಲ್ಲಿ ಫಲ ಸಿಗಲಿಲ್ಲ ಎನ್ನುವಂತಿಲ್ಲ, ಬೆಲೆಗೆ ತಕ್ಕಷ್ಟು ಸಿಗಲಿಲ್ಲ. ಬೆಲೆ ತೆತ್ತವರು ಪಶ್ಚಿಮದ ಸಂಸದರು, ಮತ್ತು ಸಂಸದರ ಗುಂಪಿನಲ್ಲಿ ಅವರೇ ದಂಡು.

ಮೂರನೇ ಬಾಗಿಲು: ಸಂಸದರ ಕೊಠಡಿ

ಒಂದು ಪಕ್ಷದ ಸಂಸದರೆಲ್ಲ ಸೇರುವ ಗುಂಪನ್ನು ಅಲ್ಲಿ ಕಾಕಸ್ ಎನ್ನುತ್ತಾರೆ. ಕೆನಡಾದಲ್ಲಿ ನಾಯಕನನ್ನು ಆರಿಸುವುದು ಪಕ್ಷದ ಸದಸ್ಯರಾದ್ದರಿಂದ ಕಾಕಸ್‌ಗೆ ಅವನನ್ನು ತೆಗೆಯುವ ಅಧಿಕಾರ ಬಹಳ ಕಾಲ ಇರಲಿಲ್ಲ. ಕನ್ಸರ್ವೇಟಿವ್ ಸಂಸದ ಮೈಕಲ್ ಚಾಂಗ್ ತಂದ ಖಾಸಗಿ ಮಸೂದೆ 2015ರ ಜೂನ್‌ನಲ್ಲಿ ಸುಧಾರಣಾ ಕಾಯ್ದೆಯಾಗಿ ಬಂತು. ಅದರ ನಡೆ ಹೀಗೆ: ಪ್ರತಿ ಮಹಾ ಚುನಾವಣೆಯ ನಂತರದ ಮೊದಲ ಸಭೆಯಲ್ಲಿ ಕಾಕಸ್ ನಾಲ್ಕು ವಿಷಯಕ್ಕೆ ಬೇರೆ ಬೇರೆ ಮತ ಹಾಕಬೇಕು. ಸದಸ್ಯರನ್ನು ಹೊರಹಾಕುವ ಅಧಿಕಾರ, ಕಾಕಸ್ ಅಧ್ಯಕ್ಷರ ಆಯ್ಕೆ, ನಾಯಕತ್ವ ಪರಿಶೀಲನೆ, ಹಂಗಾಮಿ ನಾಯಕನ ಆಯ್ಕೆ, ಇವುಗಳಲ್ಲಿ ಯಾವುದನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ ಎಂದು. ಪರಿಶೀಲನೆಯ ಅಧಿಕಾರ ತೆಗೆದುಕೊಂಡರೆ, ಶೇ 20 ಸಂಸದರು ಸಹಿ ಮಾಡಿ ಅಧ್ಯಕ್ಷರಿಗೆ ಪತ್ರ ಕೊಟ್ಟ ಮೇಲೆ ಗುಪ್ತ ಮತದಾನ ನಡೆಯಲೇಬೇಕು. ಬಹುಮತ ಬಂದರೆ ನಾಯಕ ಇಳಿಯುತ್ತಾನೆ. ಮೇಲ್ಮನೆಯ ಸೆನೆಟರ್‌ಗಳಿಗೆ ಇಲ್ಲಿ ಮತವಿಲ್ಲ.

2021ರ ಅಕ್ಟೋಬರ್ 5ರಂದು ಸೇರಿದ ಕನ್ಸರ್ವೇಟಿವ್ ಕಾಕಸ್ ಈ ಪರಿಶೀಲನೆಯ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. ಸೋತ ಚುನಾವಣೆಯ ಬಿಸಿ ಆರದಿರುವಾಗ ನಾಯಕನ ತಲೆಯ ಮೇಲೆ ಕತ್ತಿ ತೂಗುಹಾಕಿದಂತಾಯಿತು. ಎದುರಿನ ಲಿಬರಲ್ ಕಾಕಸ್ ಹೀಗೆ ಮಾಡಲಿಲ್ಲ. ಅದರಿಂದಲೇ 2024ರಲ್ಲಿ ಟ್ರೂಡೊ ವಿರುದ್ಧ ಲಿಬರಲ್ ಸಂಸದರು ಬಂಡೆದ್ದಾಗ ಅವರ ಬಳಿ ಪತ್ರವಿತ್ತು, ಪತ್ರಕ್ಕೆ ಹಲ್ಲಿರಲಿಲ್ಲ.

ನವೆಂಬರ್ 15ರಂದು ಸಸ್ಕಾಚೆವಾನ್‌ನ ಸೆನೆಟರ್ ಡೆನಿಸ್ ಬ್ಯಾಟರ್ಸ್, ನಾಯಕತ್ವದ ಬಗ್ಗೆ ಸದಸ್ಯರನ್ನೇ ಬೇಗ ಕೇಳಿ ಎಂದು ಸಹಿ ಸಂಗ್ರಹ ಶುರು ಮಾಡಿದರು. ಓಟೂಲ್ ಮರುದಿನವೇ ಅವರನ್ನು ಕಾಕಸ್‌ನಿಂದ ಹೊರಗಿಟ್ಟರು. ಇದು ನಮ್ಮ ಲೆಕ್ಕದಲ್ಲಿ ದೊಡ್ಡ ತಪ್ಪು. ಬ್ಯಾಟರ್ಸ್‌ಗೆ ಪರಿಶೀಲನೆಯಲ್ಲಿ ಮತವೇ ಇರಲಿಲ್ಲ. ಮತವಿಲ್ಲದವರನ್ನು ಹೊರಹಾಕಿ ಮತವಿದ್ದವರನ್ನು ಹೆದರಿಸಿದರು. ಹೆದರಿದವರಿಗೆ ಮಾತನಾಡಲು ಉಳಿದ ಜಾಗ ಗುಪ್ತ ಮತದಾನ ಒಂದೇ.

ಡಿಸೆಂಬರ್ 1ರದು ಇನ್ನೊಂದು. ಲೈಂಗಿಕ ಅಲ್ಪಸಂಖ್ಯಾತರನ್ನು ‘ಬದಲಾಯಿಸುವ’ ಚಿಕಿತ್ಸೆಯ ನಿಷೇಧ ಮಸೂದೆಯನ್ನು ಕನ್ಸರ್ವೇಟಿವ್ ಪಕ್ಷವೇ ಸೂಚನೆ ಮಂಡಿಸಿ, ಚರ್ಚೆಯಿಲ್ಲದೆ, ಸರ್ವಾನುಮತದಿಂದ ಒಂದೇ ಏಟಿಗೆ ಪಾಸು ಮಾಡಿಸಿತು. ಜೂನ್‌ನಲ್ಲಿ ಇಂಥದೇ ಮಸೂದೆಗೆ ಆ ಪಕ್ಷದ ಸುಮಾರು ಅರ್ಧ ಸಂಸದರು ‘ಬೇಡ’ ಎಂದಿದ್ದರು. ಸದನದಲ್ಲಿ ಒಬ್ಬರು ‘ಇಲ್ಲ’ ಎಂದಿದ್ದರೂ ಸರ್ವಾನುಮತ ಮುರಿಯುತ್ತಿತ್ತು, ಯಾರೂ ಅನ್ನಲಿಲ್ಲ. ವಿಷಯ ಕೈಬಿಟ್ಟು ಹೋಯಿತೆಂಬ ಸಮಾಧಾನ ನಾಯಕನ ಬಳಗದಲ್ಲಿ; ಲೂಯಿಸ್–ಸ್ಲೋನ್ ಕಡೆಯಿಂದ ಬಂದ ಎರಡನೇ ಪ್ರಾಶಸ್ತ್ಯದ ಮತಗಳಿಗೆ ಮಾತ್ರ ಇದು ಬಡ್ಡಿ ಸಮೇತ ವಂಚನೆಯಾಗಿ ಕಂಡಿತು.

ಜನವರಿ ಕೊನೆಯಲ್ಲಿ ಕೋವಿಡ್ ಲಸಿಕೆ ಕಡ್ಡಾಯದ ವಿರುದ್ಧ ಟ್ರಕ್ ಚಾಲಕರ ಪ್ರತಿಭಟನೆ ರಾಜಧಾನಿ ಒಟ್ಟಾವಾದ ಬೀದಿಗಳನ್ನು ತುಂಬಿತು. ಅವರ ಬಗ್ಗೆ ಓಟೂಲ್ ಮಾತು ದಿನಕ್ಕೊಂದು ಧಾಟಿಯಲ್ಲಿತ್ತು. ಜನವರಿ 31ರ ಹೊತ್ತಿಗೆ ಪತ್ರಕ್ಕೆ 35 ಸಹಿ ಬಿದ್ದಿತ್ತು. 119 ಸಂಸದರ ಶೇ 20 ಅಂದರೆ 24 ಸಾಕಿತ್ತು. ತಾನೆಲ್ಲಿಗೂ ಹೋಗುವುದಿಲ್ಲ, ಸಿಟ್ಟಿನ ಅತಿರೇಕದ ದಾರಿ ಪಕ್ಷವನ್ನು ಮುಗಿಸುತ್ತದೆ ಎಂದು ಅದೇ ರಾತ್ರಿ ಅವರು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಸಹಿ ಹಾಕದೆ ಉಳಿದ 84 ಜನರಲ್ಲಿ ಹಲವರು ಆಗ ತಕ್ಕಡಿಯ ನಡುವೆ ಇದ್ದವರು. ಅವರಿಗೆ ಬೇಕಾದದ್ದು ಫೋನ್ ಕರೆ, ಸಿಕ್ಕಿದ್ದು ಎಚ್ಚರಿಕೆಯ ಪೋಸ್ಟ್. ಬುಧವಾರದ ಲೆಕ್ಕದಲ್ಲಿ 35 ಇದ್ದದ್ದು 73 ಆಯಿತು. ಅದೇ ದಿನ ಕಾಕಸ್ ಕ್ಯಾಂಡಿಸ್ ಬರ್ಗನ್ ಅವರನ್ನು ಹಂಗಾಮಿ ನಾಯಕಿಯನ್ನಾಗಿ ಆರಿಸಿತು.

ಪಕ್ಕದಲ್ಲಿಟ್ಟು ನೋಡಲು ಇನ್ನೊಬ್ಬ ವಕೀಲರಿದ್ದಾರೆ. ಬ್ರಯನ್ ಮಲ್ರೋನಿ ಕಾರ್ಮಿಕ ವ್ಯಾಜ್ಯಗಳ ವಕೀಲ, ಮಾಲೀಕ–ಯೂನಿಯನ್ ಮೇಜಿನ ಎರಡೂ ಬದಿಯವರನ್ನು ಕೂರಿಸಿ ಪಳಗಿದವರು. ಪ್ರಧಾನಿಯಾಗಿ 1990ರ ದಶಕದ ಆರಂಭದಲ್ಲಿ ಅವರ ಜನಪ್ರಿಯತೆ ನೆಲಕಚ್ಚಿತ್ತು. ಸರಕು ಸೇವಾ ತೆರಿಗೆ ತಂದು ದೇಶವನ್ನೇ ಎದುರು ಹಾಕಿಕೊಂಡಿದ್ದರು. ಆದರೂ ಕಾಕಸ್ ಅವರ ಬೆನ್ನಿಗಿತ್ತು. ಸಂಸದರ ಮನೆಯಲ್ಲಿ ಕಾಯಿಲೆ, ಸಾವು, ಮದುವೆ ಏನಿದ್ದರೂ ಮಲ್ರೋನಿಯ ಫೋನ್ ಬರುತ್ತಿತ್ತು. ಅವರು ಬಿಟ್ಟ ಮೇಲೆ 1993ರಲ್ಲಿ ಅವರ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 2 ಸೀಟಿಗೆ ಕುಸಿಯಿತು, ಅದು ಬೇರೆ ಮಾತು. ಓಟೂಲ್ ನಿಲುವು ಬದಲಿಸಿದ್ದೇ ಅವರ ಪತನಕ್ಕೆ ಕಾರಣ ಎಂಬ ಮಾತನ್ನು ನಾವು ಪೂರ್ತಿ ಒಪ್ಪದಿರುವುದು ಇದಕ್ಕೇ. ನಿಲುವು ಬದಲಿಸಿದ ನಾಯಕರು ಬಹಳ. ಮೂರು ಬಾಗಿಲಲ್ಲಿ ಮೂರು ಕರಡು ಕೊಟ್ಟು, ಮೂರನ್ನೂ ಒಬ್ಬನೇ ಓದುವ ಸಂಸದನಿಗೆ ಮುಂಚಿತವಾಗಿ ತಿಳಿಸದೆ ಹೋದದ್ದು ಇಲ್ಲಿಯ ದೋಷ.

2022ರ ಸೆಪ್ಟೆಂಬರ್‌ನಲ್ಲಿ ಪಿಯರ್ ಪೊಲಿಯೆವ್ ಮೊದಲ ಸುತ್ತಿನಲ್ಲೇ ಶೇ 68 ಅಂಕ ಪಡೆದು ನಾಯಕರಾದರು. ಎರಡನೇ ಪ್ರಾಶಸ್ತ್ಯವನ್ನು ಯಾರಿಂದಲೂ ಕೇಳಬೇಕಾಗಿ ಬರಲಿಲ್ಲ. ಅಂಕದ ನಿಯಮವೂ ಅಷ್ಟರಲ್ಲಿ ತುಸು ಸಡಿಲಗೊಂಡಿತ್ತು: ನೂರಕ್ಕಿಂತ ಕಡಿಮೆ ಮತ ಬಿದ್ದ ಕ್ಷೇತ್ರಕ್ಕೆ ಮತಕ್ಕೊಂದರಂತೆ ಅಂಕ, ಪೂರ್ತಿ ನೂರಲ್ಲ. ಓಟೂಲ್ 2023ರಲ್ಲಿ ಸಂಸತ್ತು ಬಿಟ್ಟರು. 2024ರ ಮಾರ್ಚ್ 4ರ ಡರಮ್ ಉಪಚುನಾವಣೆಯಲ್ಲಿ ಅವರ ಸೀಟನ್ನು ಕನ್ಸರ್ವೇಟಿವ್ ಪಕ್ಷವೇ ಉಳಿಸಿಕೊಂಡಿತು. ಗೆದ್ದವರು ಜಮೀಲ್ ಜಿವಾನಿ, ಅವರೂ ವಕೀಲರು.